ಲೆಕ್ಕ ಹೊಂದದ ರಾತ್ರಿ ನೀವು ಏನು ಮಾಡಿದಿರಿ?

ಪ್ರಶ್ನೆ: ನಾನು ಗುಳೇದಗುಡ್ಡದವಳು. ಬಿ.ಕಾಂ ಕೊನೆಯ ವರ್ಷದಲ್ಲಿದ್ದೇನೆ. ಅಪ್ಪ ಖಣ ನೇಯುತ್ತಾರೆ, ಅವ್ವ ಕಂಡಿಕೆ ಸುತ್ತುತ್ತಾಳೆ. ಒಂದು ವರ್ಷದಿಂದ ಸಂಜೆ ಹೊತ್ತು ಒಬ್ಬ ಜವಳಿ ವ್ಯಾಪಾರಿಯ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹೋದ ತಿಂಗಳು ಒಂದು ರಾತ್ರಿ ಗಲ್ಲೆಯ ನಗದಿಗೂ ದಿನದ ಲೆಕ್ಕದ ಕಿರ್ದಿಗೂ ತಾಳೆ ಆಗಲಿಲ್ಲ. ಗಲ್ಲೆಯಲ್ಲಿ 2,700 ರೂಪಾಯಿ ಕಡಿಮೆ ಇತ್ತು. ಹೊತ್ತಾಗಿತ್ತು, ಮನೆಯಿಂದ ಫೋನ್ ಮೇಲೆ ಫೋನ್. ‘ಇತರೆ ಖರ್ಚು’ ಅಂತ 2,700 ಬರೆದು, ಲೆಕ್ಕ ಕೂಡಿಸಿ ಮನೆಗೆ ಬಂದೆ. ಎಂಟು ದಿನದ ಮೇಲೆ ಮಜೂರಿ ಕೊಡುವಾಗ ಒಬ್ಬ ನೇಕಾರರ ಖಾತೆಯಲ್ಲಿ 2,700 ಬಾಕಿ ಅಂತ ತೋರಿಸಿತು. ಅವರೇ, ‘ಇಲ್ರೀ, ನನಗ ಏಳು ಸಾವಿರದ ನಾಕನೂರು ಪೂರಾ ಮುಟ್ಟೇತಿ’ ಅಂದರು. ನಾನು 7,400 ಬರೆಯುವ ಕಡೆ 4,700 ಬರೆದಿದ್ದೆ. ಮಾಲೀಕರು ಎಲ್ಲರೆದುರು, ‘ಲೆಕ್ಕ ಬರಾಂಗಿಲ್ಲಂದ್ರ ಈ ಲೈನಿಗೆ ಯಾಕ ಬಂದಿ?’ ಅಂತ ಬೈದರು. ಅಂದಿನಿಂದ ಪೆನ್ನು ಹಿಡಿದರೆ ಕೈ ನಡುಗುತ್ತದೆ. ನನಗೆ ಮೊದಲಿನಿಂದಲೂ ಗಣಿತ ಕಷ್ಟ. ಪಿಯುಸಿವರೆಗೆ ಓದಿದ್ದು ಕನ್ನಡ ಮಾಧ್ಯಮ. ಮಾತೂ ಕಡಿಮೆ. ಎಐ ಬಂದ ಮೇಲೆ ಈ ಕೆಲಸವೇ ಇರಲ್ಲ ಅಂತ ಗೆಳತಿಯರು ಹೇಳುತ್ತಾರೆ. ಸಿಎ ಮಾಡುವ ಆಸೆ ಇತ್ತು. ಈ ಕೆಲಸಕ್ಕೆ ಬೇಕಾದ ಗುಣ ನನ್ನಲ್ಲಿ ಇದೆಯೋ ಇಲ್ಲವೋ, ನೇರವಾಗಿ ಹೇಳಿ.

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೇರವಾಗಿ ಹೇಳಿ ಅಂದಿದ್ದೀರಿ, ಹಾಗೆಯೇ ಹೇಳುತ್ತೇನೆ. ಬಾಗಲಕೋಟೆಯಲ್ಲಿ ಸಿಎ ಆಫೀಸು ನಡೆಸುತ್ತಾ ಇಪ್ಪತ್ತು ವರ್ಷ ದಾಟಿದೆ. ನಿಮ್ಮ ಹಾಗೆ ಕೈ ನಡುಗಿಸಿಕೊಂಡು ಬಂದವರು ಎಷ್ಟೋ ಜನ ನನ್ನ ಎದುರಿನ ಕುರ್ಚಿಯಲ್ಲಿ ಕೂತಿದ್ದಾರೆ.

ನೀವು ಹೆದರಿರುವುದು 7,400 ಅನ್ನು 4,700 ಅಂತ ಬರೆದದ್ದಕ್ಕೆ. ಅದು ಈ ಕೆಲಸದಲ್ಲಿ ದಿನಾ ಆಗುವ ತಪ್ಪು. ನನಗೂ ಆಗುತ್ತದೆ. ಗಮನ ಕೊಡಬೇಕಾದದ್ದು ಆ ರಾತ್ರಿ ಆಮೇಲೆ ಬರೆದ ಸಾಲಿಗೆ, ‘ಇತರೆ ಖರ್ಚು 2,700’ ಅನ್ನೋದಕ್ಕೆ. ಮಾಲೀಕರು ಮೊದಲನೆಯದಕ್ಕೆ ಬೈದರು, ನೀವೂ ಅದನ್ನೇ ಹಿಡಿದುಕೊಂಡಿರಿ. ಎರಡನೆಯದನ್ನು ಯಾರೂ ನಿಮಗೆ ಬಿಡಿಸಿ ಹೇಳಿದಂತೆ ಕಾಣುವುದಿಲ್ಲ.

ಮೊದಲು ಅಂಕಿಯ ತಪ್ಪು ನೋಡೋಣ. 2,700ನ್ನು 9ರಿಂದ ಭಾಗಿಸಿ. 300, ಶೇಷ ಇಲ್ಲ. ವ್ಯತ್ಯಾಸ 9ರಿಂದ ಪೂರ್ತಿ ಭಾಗವಾದರೆ, ಎಲ್ಲೋ ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿವೆ ಅನ್ನೋ ಅನುಮಾನ ಮೊದಲು ಬರಬೇಕು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ವ್ಯತ್ಯಾಸ ನೂರರ ಲೆಕ್ಕದಲ್ಲಿದೆ, ಹಾಗಾಗಿ 900ರಿಂದ ಭಾಗಿಸಿ. 3 ಬಂತು. ಅಂದರೆ ಸಾವಿರದ ಅಂಕಿಗೂ ನೂರರ ಅಂಕಿಗೂ 3ರ ಅಂತರ ಇರುವ ಮೊತ್ತ ಹುಡುಕಬೇಕು. 4,700 ಅಂಥದ್ದು. ಅವತ್ತು ಕೊಟ್ಟ ದುಡ್ಡಿನ ಪಟ್ಟಿಯಲ್ಲಿ ಇಂಥವು ಒಂದೋ ಎರಡೋ ಇರುತ್ತಿದ್ದವು. ಹತ್ತು ನಿಮಿಷದಲ್ಲಿ ಸಿಗುತ್ತಿತ್ತು.

ಸೊನ್ನೆ ಬಿಟ್ಟುಹೋದರೂ ಇದೇ ಉಪಾಯ ಕೆಲಸ ಮಾಡುತ್ತದೆ. 500 ಬದಲು 50 ಬರೆದರೆ ವ್ಯತ್ಯಾಸ 450, ಅದೂ 9ರಿಂದ ಭಾಗವಾಗುತ್ತದೆ. ಇದರಲ್ಲಿ ಸಿಗದಿದ್ದರೆ ವ್ಯತ್ಯಾಸದ ಅರ್ಧ ನೋಡಿ. 1,350 ರೂಪಾಯಿಯ ಖರ್ಚನ್ನು ಜಮೆಯ ಕಡೆ ಬರೆದಿದ್ದರೆ ಅದು ಎರಡು ಪಟ್ಟಾಗಿ 2,700 ಕಾಣಿಸುತ್ತದೆ. ಅದೂ ಅಲ್ಲ ಅಂದರೆ ಸರಿಯಾಗಿ 2,700ರ ಒಂದು ಚೀಟಿ ಬರೆಯದೇ ಉಳಿದಿದೆಯಾ ನೋಡಬೇಕು. ಇವನ್ನು ಯಾವ ಕಾಲೇಜಿನ ಪರೀಕ್ಷೆಯಲ್ಲೂ ಜಾಸ್ತಿ ಕೇಳಲ್ಲ. ಹಳೇ ದಿವಾನಜಿಗಳಿಗೆ ಇದೆಲ್ಲ ಬಾಯಿಪಾಠ ಆಗಿರುತ್ತಿತ್ತು. ನನಗೆ ಕಲಿಸಿದ್ದೂ ಹತ್ತಿಯ ಅಡತಿ ಅಂಗಡಿಯ ಒಬ್ಬ ಹಿರಿಯ ದಿವಾನಜಿ, ಅವರು ಓದಿದ್ದು ಏಳನೆಯ ಇಯತ್ತೆ.

ಈಗ ಎರಡನೆಯ ಸಾಲಿಗೆ ಬರೋಣ. ‘ಇತರೆ ಖರ್ಚು’ ಬರೆದ ಕೂಡಲೇ ಏನಾಯಿತು ನೋಡಿ. ಗಲ್ಲೆ ತಾಳೆಯಾಯಿತು. ವರ್ಷದ ಕೊನೆಗೆ ಎಲ್ಲ ಖಾತೆ ಒಟ್ಟಿಗೆ ಇಟ್ಟು ನೋಡುವ ತಾಳೆಪಟ್ಟಿಯೂ ಹೊಂದುತ್ತಿತ್ತು. ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಹಾಕಿದ್ದರೂ ಕೆಂಪು ಗುರುತು ಬರುತ್ತಿರಲಿಲ್ಲ. ಆದರೆ ಅಂಗಡಿಯ ಲಾಭ 2,700 ಕಡಿಮೆ ಕಾಣುತ್ತಿತ್ತು, ನೇಕಾರರೊಬ್ಬರಿಗೆ ಇಲ್ಲದ ಬಾಕಿ 2,700 ನಿಂತಿತ್ತು. ಅವರು ಪ್ರಾಮಾಣಿಕರು, ಮುಟ್ಟಿದೆ ಅಂದರು. ಇದೇ ತಪ್ಪು ತಿರುಗಿ ಆಗಿದ್ದರೆ? ಅವರಿಗೆ 4,700 ಕೊಟ್ಟು 7,400 ಅಂತ ಬರೆದಿದ್ದರೆ? ಗಲ್ಲೆಯಲ್ಲಿ ಉಳಿದ 2,700 ‘ಇತರೆ ಆದಾಯ’ ಆಗಿ ಮುಚ್ಚಿಹೋಗುತ್ತಿತ್ತು. ಅವರು ಬಂದು ಬಾಕಿ ಕೇಳಿದರೆ ಪುಸ್ತಕ ‘ಮುಟ್ಟಿದೆ’ ಅನ್ನುತ್ತಿತ್ತು. ಪುಸ್ತಕದ ಎದುರು ನೇಕಾರರ ಮಾತು ನಡೆಯುತ್ತದೆಯೇ? ನಿಮ್ಮ ಅಪ್ಪನೂ ಮಗ್ಗದ ಮೇಲೆ ಕೂರುವವರು. ನಿಮಗೆ ಇದನ್ನು ಬೇರೆ ಯಾರೂ ವಿವರಿಸಬೇಕಿಲ್ಲ.

ನಿಮ್ಮ ಮನೆಯಲ್ಲಿ ಎಳೆ ಕಡಿದರೆ ಏನು ಮಾಡುತ್ತಾರೆ? ಮಗ್ಗ ನಿಲ್ಲಿಸಿ, ಎಳೆ ಹುಡುಕಿ, ಗಂಟು ಹಾಕಿ ಮುಂದೆ ನೇಯುತ್ತಾರೆ. ಒಂದು ಮೊಳ ನೇಯ್ದ ಮೇಲೆ ನೋಡಿಕೊಳ್ಳೋಣ ಅನ್ನಲ್ಲ. ಅಕೌಂಟಿಂಗ್‌ಗೆ ಬೇಕಾದ ಗುಣಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ. ಹೊಂದದ ಕಡೆ ನಿಲ್ಲುವುದು. ನಿಂತು, ‘ಹೊಂದುತ್ತಿಲ್ಲ’ ಅಂತ ಬಾಯಿಬಿಟ್ಟು ಹೇಳುವುದು. ಆ ರಾತ್ರಿ ಒಂದು ಚೀಟಿಯಲ್ಲಿ ‘ಗಲ್ಲೆಯಲ್ಲಿ 2,700 ಕಡಿಮೆ ಇದೆ, ಕಾರಣ ಸಿಕ್ಕಿಲ್ಲ, ನಾಳೆ ಹುಡುಕುತ್ತೇನೆ’ ಅಂತ ಬರೆದು ಮಾಲೀಕರಿಗೆ ತೋರಿಸಿ ಮನೆಗೆ ಹೋಗಿದ್ದರೆ ನಿಮ್ಮ ಕೆಲಸದಲ್ಲಿ ಕುಂದಿರಲಿಲ್ಲ. ಹುಡುಕುವ ತನಕ ಅದನ್ನು ‘ಸಸ್ಪೆನ್ಸ್’ ಅನ್ನೋ ಖಾತೆಯಲ್ಲಿ ಇಡುವ ಪದ್ಧತಿಯೇ ಇದೆ. ಆ ಹೆಸರು ನೋಡಿದವರಿಗೆ ಇನ್ನೂ ಇತ್ಯರ್ಥ ಆಗಿಲ್ಲ ಅಂತ ಗೊತ್ತಾಗುತ್ತದೆ. ‘ಇತರೆ ಖರ್ಚು’ ಅದನ್ನು ಮರೆಮಾಡುತ್ತದೆ.

ನಾನೂ ಒಮ್ಮೆ ಮುಚ್ಚಿದವರ ಸಾಲಿನಲ್ಲೇ ಇದ್ದೆ. ಆರ್ಟಿಕಲ್‌ಶಿಪ್, ಅಂದರೆ ಸಿಎ ಆಗುವವರು ಆಫೀಸಿನಲ್ಲಿ ಮಾಡುವ ತರಬೇತಿ, ಶುರುವಾಗಿ ನಾಲ್ಕನೆಯ ತಿಂಗಳು. ಒಂದು ಪತ್ತಿನ ಸಂಘದ ಆಡಿಟ್‌ಗೆ ಕಳಿಸಿದ್ದರು. ತಿಜೋರಿಯ ನಗದು ಎಣಿಸಿ ಬರೆದುಕೊಳ್ಳುವುದು ನನ್ನ ಕೆಲಸ. ಅಲ್ಲಿಯವರು, ‘ಮುಂಜಾನೇನೇ ಎಣಿಸೀವ್ರಿ, ಪೂರಾ ಐತಿ, ಮೊದಲ ಚಾ ಕುಡೀರಿ’ ಅಂದರು. ಚಹಾ ಕುಡಿದು ಟಿಕ್ ಹಾಕಿದೆ. ಮಧ್ಯಾಹ್ನ ನಮ್ಮ ಸರ್ ಬಂದು ‘ಎಣಿಸಿದ್ಯಾ?’ ಅಂದರು. ಹೌದು ಅಂದುಬಿಟ್ಟೆ. ಅವರು ಏನೂ ಹೇಳದೆ ತಿಜೋರಿ ತೆಗೆಸಿ ತಾವೇ ಎಣಿಸಿದರು. 11,000 ಕಡಿಮೆ ಇತ್ತು. ಯಾರೋ ಕೈಗಡ ತೆಗೆದುಕೊಂಡಿದ್ದರು, ಎರಡು ದಿನದಲ್ಲಿ ವಾಪಸ್ ಬಂತು. ಸರ್ ನನ್ನನ್ನು ಬೈಯಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ, ‘ಎಣಿಸಿಲ್ಲ ಅಂದಿದ್ದರೆ ಐದು ನಿಮಿಷದ ಕೆಲಸ ಇತ್ತು’ ಅಂದರು ಅಷ್ಟೆ. ಆ ಬಸ್ಸಿನ ಕಿಟಕಿ ನನಗೆ ಇವತ್ತಿಗೂ ನೆನಪಿದೆ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಅಂತ ಅವರು ತೀರ್ಮಾನ ಮಾಡಲಿಲ್ಲ. ನೀವೂ ನಿಮ್ಮ ಬಗ್ಗೆ ಅಂಥ ತೀರ್ಮಾನ ಮಾಡಬೇಡಿ.

ಇನ್ನು ನಿಮ್ಮ ಉಳಿದ ಭಯಗಳು.

ಗಣಿತ. ಲೆಕ್ಕಪತ್ರ ಬೇರೆ, ಗಣಿತ ಬೇರೆ. ಜಮೆ-ಖರ್ಚು ಎರಡೂ ಕಡೆ ಬರೆಯುವ ಪದ್ಧತಿಯನ್ನು 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಲೂಕಾ ಪಾಚೋಲಿ ಗಣಿತದ ಮೇಷ್ಟ್ರೇ. ಆದರೂ ಅವರು ವಿವರಿಸಿದ ಆ ಪದ್ಧತಿ ನಡೆಯೋದು ಕೂಡುವುದು ಕಳೆಯುವುದರ ಮೇಲೆ. ಶೇಕಡಾ, ಬಡ್ಡಿ, ಅನುಪಾತ ಬಂದರೆ ದಿನದ ಕೆಲಸ ಸಾಗುತ್ತದೆ. ಬೇಕಾದದ್ದು ಅಂದಾಜು. ನೂರು ಚೀಲ ಉಳ್ಳಾಗಡ್ಡಿ, ಚೀಲಕ್ಕೆ 50 ಕೆಜಿ, ಅಂದರೆ 50 ಕ್ವಿಂಟಲ್. ಕ್ವಿಂಟಲ್‌ಗೆ 2,000 ಅಂದರೆ ಒಂದು ಲಕ್ಷ. ಬಿಲ್ಲಿನಲ್ಲಿ ಹತ್ತು ಲಕ್ಷ ಇದ್ದರೆ ಕ್ಯಾಲ್ಕುಲೇಟರ್ ಮುಟ್ಟುವ ಮೊದಲೇ ಕಣ್ಣು ಅಲ್ಲಿ ನಿಲ್ಲಬೇಕು. ಇಂಥ ಕಣ್ಣು ರೂಢಿಯಿಂದ ಬರುತ್ತದೆ. ಮಹಾರಾಷ್ಟ್ರದ ಇಚಲಕರಂಜಿಯಿಂದ ನೂಲು ತರಿಸಿದ ಬಿಲ್ಲಿನಲ್ಲಿ ಮಾರಿದವರ ಜಿಎಸ್‌ಟಿ ನಂಬರ್ 27ರಿಂದ ಶುರುವಾಗಬೇಕು, ತೆರಿಗೆ ಐಜಿಎಸ್‌ಟಿ, ಅಂದರೆ ಬೇರೆ ರಾಜ್ಯದಿಂದ ಬಂದ ಸರಕಿನದ್ದು, ಆಗಿರಬೇಕು. ನಮ್ಮ ರಾಜ್ಯದ್ದೇ ಆದ ಬೆಳಗಾವಿಯಿಂದ ತರಿಸಿದ್ದಾದರೆ 29, ತೆರಿಗೆ ಕೇಂದ್ರದ ಸಿಜಿಎಸ್‌ಟಿ ಮತ್ತು ರಾಜ್ಯದ ಎಸ್‌ಜಿಎಸ್‌ಟಿ ಅಂತ ಎರಡು ಪಾಲು. ಗಡಿ ಪಕ್ಕದ ನಮ್ಮ ಜಿಲ್ಲೆಗಳಲ್ಲಿ ಈ ಗೊಂದಲ ಜಾಸ್ತಿ. ಇದರಲ್ಲಿ ಗಣಿತ ಎಲ್ಲಿದೆ ಹೇಳಿ?

ಆದರೂ ಸುಳ್ಳು ಸಮಾಧಾನ ಹೇಳಲ್ಲ. ಸಿಎಯ ನಡುವಿನ ಹಂತವಾದ ಇಂಟರ್‌ಮೀಡಿಯೆಟ್‌ನಲ್ಲಿ ಕಾಸ್ಟಿಂಗ್ (ತಯಾರಿಕೆ ವೆಚ್ಚದ ಲೆಕ್ಕ), ಹಣಕಾಸು ನಿರ್ವಹಣೆ ಇವೆ. ಅಲ್ಲಿ ವೇಗವಾಗಿ ಲೆಕ್ಕ ಮಾಡಬೇಕು. ಅಭ್ಯಾಸವಿಲ್ಲದೆ ದಾಟಲು ಆಗಲ್ಲ.

ಇಂಗ್ಲಿಷ್. ಈ ಭಯಕ್ಕೆ ಬುನಾದಿ ಇದೆ. ಸಿಎ ಪರೀಕ್ಷೆ ಬರೆಯಲು ಇಂಗ್ಲಿಷ್ ಅಥವಾ ಹಿಂದಿ ಮಾತ್ರ, ಕನ್ನಡ ಇಲ್ಲ. ಕಾಯ್ದೆ, ಸುತ್ತೋಲೆ, ನೋಟಿಸು ಎಲ್ಲ ಇಂಗ್ಲಿಷ್. ಆದರೆ ಅದು ಭಾಷಣದ ಇಂಗ್ಲಿಷ್ ಅಲ್ಲ. ಕೆಲವು ನೂರು ಪದಗಳು ಮತ್ತೆ ಮತ್ತೆ ಬರುತ್ತವೆ. ದಿನಾ ಪಠ್ಯದ ಒಂದೇ ಪುಟ ಓದಿ. ಪುಸ್ತಕ ಮುಚ್ಚಿ, ಅದನ್ನೇ ಅವ್ವನಿಗೆ ಹೇಳುವ ಹಾಗೆ ಕನ್ನಡದಲ್ಲಿ ಬರೆಯಿರಿ. ಆಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಮಧ್ಯದ ಕನ್ನಡದ ಹೆಜ್ಜೆ ಬಿಡಬೇಡಿ. ಅರ್ಥವಾಗದೆ ಉರು ಹೊಡೆದವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಇನ್ನೊಂದು ಮಾತು. ಜಿಎಸ್‌ಟಿ ರಿಟರ್ನ್‌ನಲ್ಲಿ ವ್ಯತ್ಯಾಸ ಕಂಡರೆ ಇಲಾಖೆಯಿಂದ ಎಎಸ್‌ಎಂಟಿ-10 ಅನ್ನೋ ನೋಟಿಸು ಬರುತ್ತದೆ. ಅದನ್ನು ಹಿಡಿದು ಬೆವರುತ್ತಾ ಬರುವ ವ್ಯಾಪಾರಿಗೆ, ‘ಇದು ದಂಡ ಅಲ್ರೀ, ವಿವರಣೆ ಕೇಳ್ಯಾರ, ಈ ಎರಡು ತಿಂಗಳ ಅಂಕಿ ಹೊಂದಿಲ್ಲ’ ಅಂತ ಅವರ ಮಾತಿನಲ್ಲಿ ಬಿಡಿಸಿ ಹೇಳುವವರು ಬೇಕು. ನನ್ನ ಆಫೀಸಿನಲ್ಲಿ ಇಂಗ್ಲಿಷ್ ಚೆನ್ನಾಗಿ ಬಲ್ಲ ಹುಡುಗರಿದ್ದಾರೆ. ಹೀಗೆ ಹೇಳಬಲ್ಲವರು ಇಬ್ಬರೇ.

ಮಾತು ಕಡಿಮೆ ಅನ್ನೋದನ್ನು ನಾನು ಕುಂದು ಅಂತ ಎಣಿಸಲ್ಲ. ಯಾರಿಗೆ ಎಷ್ಟು ಸಾಲ, ಯಾವ ಅಂಗಡಿ ನಷ್ಟದಲ್ಲಿದೆ, ಯಾರ ಮಗಳ ಮದುವೆಗೆ ಎಫ್‌ಡಿ ಮುರಿಸಿದರು, ಇದೆಲ್ಲ ಲೆಕ್ಕ ಬರೆಯುವವರಿಗೆ ಗೊತ್ತಿರುತ್ತದೆ. ಗುಳೇದಗುಡ್ಡದಂಥ ಊರಿನಲ್ಲಿ ಒಂದು ಮಾತು ಹೊರಬಿದ್ದರೆ ಸಂಜೆಯೊಳಗೆ ಪೇಟೆ ತುಂಬಾ. ಬಾಯಿ ಬಿಗಿ ಇರುವವರನ್ನು ವ್ಯಾಪಾರಿಗಳು ಹುಡುಕಿಕೊಂಡು ಬರುತ್ತಾರೆ. ಕೇಳಬೇಕಾದಲ್ಲಿ ಮಾತ್ರ ಸುಮ್ನೆ ಇರಬಾರದು. ‘ಈ ಚೀಟಿ ಯಾವುದ್ರೀ?’ ಅಂತ ನಾಲ್ಕನೆಯ ಸಲ ಕೇಳಲೂ ನಾಚಬಾರದು.

ಎಐ ವಿಷಯ. ಬರೀ ಎಂಟ್ರಿ ಹೊಡೆಯುವ ಕೆಲಸ ಕಡಿಮೆಯಾಗುತ್ತಿದೆ, ಅದು ನಿಜ. ಬ್ಯಾಂಕ್ ಸ್ಟೇಟ್‌ಮೆಂಟ್ ತಾನಾಗಿಯೇ ಪುಸ್ತಕಕ್ಕೆ ಇಳಿಯುತ್ತದೆ. ಮಾರಿದವರು ಹಾಕಿದ ಬಿಲ್ಲುಗಳು ಜಿಎಸ್‌ಟಿ ಪೋರ್ಟಲ್‌ನ 2ಬಿ ಪಟ್ಟಿಯಲ್ಲಿ ಪ್ರತಿ ತಿಂಗಳು ಸಿದ್ಧವಾಗಿ ಬರುತ್ತವೆ. ಅಲ್ಲೇ ಉಳಿದವರಿಗೆ ಮುಂದೆ ಕಷ್ಟ. ಆದರೆ ವಿದ್ಯುತ್ ಮಗ್ಗದ ಮೋಟಾರಿಗೆ 9,000 ಖರ್ಚಾಯಿತು ಅಂತಿಟ್ಟುಕೊಳ್ಳಿ. ರಿವೈಂಡಿಂಗ್ ಮಾಡಿಸಿದ್ದಾದರೆ ಅದು ದುರಸ್ತಿ, ಈ ವರ್ಷದ ಖರ್ಚು. ಹೊಸ ಮೋಟಾರ್ ತಂದದ್ದಾದರೆ ಆಸ್ತಿ, ವರ್ಷ ವರ್ಷ ಸವಕಳಿ ತೆಗೆಯಬೇಕು. ಬಿಲ್ಲಿನಲ್ಲಿ ‘ಮೋಟಾರ್ ಕೆಲಸ’ ಅಂತಷ್ಟೇ ಇದೆ. ಶೆಡ್ಡಿಗೆ ಹೋಗಿ ಕೇಳುವವರು ಬೇಕಲ್ವಾ? ಬಿಲ್ಲು ಬಂದಿದೆ, ಸರಕು ಬಂದಿದೆಯೇ ಅಂತ ಗೋದಾಮು ನೋಡುವವರೂ ಬೇಕು. ಕಂಪನಿಗಳ ಮಟ್ಟಿಗೆ 1 ಏಪ್ರಿಲ್ 2023ರಿಂದ ಇನ್ನೊಂದು ನಿಯಮವೂ ಇದೆ. ಅವರ ಸಾಫ್ಟ್‌ವೇರ್‌ನಲ್ಲಿ ಯಾವ ಎಂಟ್ರಿ ಯಾವಾಗ ತಿದ್ದಲಾಯಿತು ಅನ್ನೋ ಜಾಡು ಉಳಿಯಲೇಬೇಕು. ರಾತ್ರಿ ತಿದ್ದಿ ಬೆಳಿಗ್ಗೆ ಮರೆಯುವ ಕಾಲ ಹೋಯಿತು.

ನೀವು ಕೇಳದೇ ಇರುವ ಒಂದು ಗುಣದ ಬಗ್ಗೆಯೂ ಹೇಳಬೇಕು. ಒಂದಲ್ಲ ಒಂದು ದಿನ ಯಾರೋ ನಿಮಗೆ ಹೇಳುತ್ತಾರೆ, ‘28,000 ನಗದು ಕೊಟ್ಟೀವಿ, ಮೂರು ದಿನದ ತಾರೀಖು ಹಾಕಿ ಮೂರು ವೋಚರ್ ಮಾಡಿಬಿಡು’ ಅಂತ. ಒಬ್ಬರಿಗೆ ಒಂದು ದಿನದಲ್ಲಿ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ, ಕೆಲವು ವಿನಾಯಿತಿ ಬಿಟ್ಟು, ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಒಪ್ಪುವುದಿಲ್ಲ. ಅದಕ್ಕೇ ಈ ಉಪಾಯ. ಇನ್ನೊಬ್ಬರು ಸರಕೇ ಇಲ್ಲದ ಬಿಲ್ಲು ಹಾಕು ಅನ್ನಬಹುದು. ಅದು ಜಿಎಸ್‌ಟಿ ಕಾಯ್ದೆಯಲ್ಲಿ ಅಪರಾಧ, ಮೊತ್ತ ದೊಡ್ಡದಾದರೆ ಜೈಲು. ಬರೆದ ಕೈ ನಿಮ್ಮದಾಗಿರುತ್ತದೆ. ಆಗ ಜಗಳ ಬೇಡ. ‘ಕೊಟ್ಟ ದಿನದ ತಾರೀಖೇ ಬರೀತೀನ್ರಿ, ಇನ್ನು ಮುಂದ ಬ್ಯಾಂಕಿನಿಂದ ಕೊಡೋಣ’ ಅನ್ನಿ. ಒಪ್ಪುವವರೇ ಜಾಸ್ತಿ, ಇದು ನನ್ನ ಅನುಭವ. ಒಪ್ಪದವರ ಕೆಲಸ ಬಿಟ್ಟು ನಾನು ದುಡ್ಡು ಕಳೆದುಕೊಂಡದ್ದೂ ಇದೆ.

ನಿಮ್ಮೂರಿಗೆ ಕೂಡಲಸಂಗಮ ದೂರವಿಲ್ಲ. ಅಲ್ಲಿ ಓದಿ ಬೆಳೆದ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಅವರನ್ನು ನಾವು ನೆನೆಯುವುದು ಬೇರೆ ದೊಡ್ಡ ಕಾರಣಗಳಿಗೆ. ಆದರೆ ಭಂಡಾರದ ಕೆಲಸವೆಂದರೆ ದಿನಾ ಇನ್ನೊಬ್ಬರ ದುಡ್ಡಿನ ಪಕ್ಕ ಕೂರುವುದು. ಊರಿನವರು ಅವತ್ತೂ ಇವತ್ತೂ ಆ ಜಾಗದಲ್ಲಿ ಕೂತವರನ್ನು ಕಣ್ಣಿಟ್ಟು ನೋಡುತ್ತಾರೆ.

ಈಗ ದಾರಿಗಳು. ಬಿ.ಕಾಂನಲ್ಲಿ 55 ಪರ್ಸೆಂಟ್ ಬಂದರೆ ಮೊದಲ ಹಂತದ ಫೌಂಡೇಷನ್ ಬರೆಯದೆ ನೇರ ಸಿಎ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಎರಡು ಗ್ರೂಪ್, ಒಟ್ಟು ಆರು ಪೇಪರ್. ಪ್ರತಿ ಪೇಪರ್‌ನಲ್ಲಿ 40, ಗ್ರೂಪಿನ ಒಟ್ಟಿನಲ್ಲಿ 50 ಪರ್ಸೆಂಟ್ ಬೇಕು. ಒಂದರಲ್ಲಿ 39 ಬಂದರೂ ಗ್ರೂಪ್ ಹೋಗುತ್ತದೆ. ಆಮೇಲೆ ಎರಡು ವರ್ಷ ಆರ್ಟಿಕಲ್‌ಶಿಪ್, ಫೈನಲ್. ಅಪಾಯ ಇರುವುದು ಸಮಯದಲ್ಲಿ. ಹಲವರು ಎರಡು ಮೂರು ಸಲ ಬರೆದು ಪಾಸಾಗುತ್ತಾರೆ, ಅಷ್ಟು ದಿನ ಸಂಪಾದನೆ ಕಡಿಮೆ. ಮನೆಯಲ್ಲಿ ಇದನ್ನು ಮೊದಲೇ ಕೂತು ಮಾತಾಡಿ. ಐದು ವರ್ಷ ಹಿಡಿಯಬಹುದು ಅಂತ ಅಪ್ಪನಿಗೆ ಹೇಳಿ. ಎರಡು ಅಂತ ಹೇಳಿ ಆಮೇಲೆ ಒಂದೊಂದೇ ವರ್ಷ ಕೇಳುತ್ತಾ ಹೋದರೆ ಮನೆಯವರ ನಂಬಿಕೆ ಸವೆಯುತ್ತದೆ.

ಸಿಎಂಎ, ಅಂದರೆ ಕಾಸ್ಟ್ ಅಕೌಂಟೆಂಟ್ ಕೋರ್ಸ್, ಇನ್ನೊಂದು ದಾರಿ. ನಮ್ಮ ಕಡೆ ಇದರ ಮಾತು ಕಡಿಮೆ, ನನಗೆ ಅದು ಬೇಸರದ ಸಂಗತಿ. ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಸಕ್ಕರೆ ಕಾರ್ಖಾನೆ, ಸಿಮೆಂಟ್ ಕಾರ್ಖಾನೆ ಎಷ್ಟಿವೆ ನೋಡಿ. ನಿಗದಿತ ವಹಿವಾಟು ದಾಟಿದ ಇಂಥ ಕಂಪನಿಗಳು ಕಾಸ್ಟ್ ದಾಖಲೆ ಇಡಬೇಕು. ಪದವೀಧರರು ಇಲ್ಲೂ ನೇರ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಆದರೆ ಕಾಸ್ಟಿಂಗ್ ಜಾಸ್ತಿ, ಲೆಕ್ಕ ಮಾಡುವ ವೇಗ ಇಲ್ಲೂ ಬೇಕು. ಎಂ.ಕಾಂ ಮಾಡಿ ಪಾಠ ಹೇಳುವುದು, ಸರ್ಕಾರಿ ಪರೀಕ್ಷೆ ಬರೆಯುವುದು ಇದ್ದೇ ಇವೆ, ಅವುಗಳ ಬಗ್ಗೆ ನಿಮ್ಮ ಮೇಷ್ಟ್ರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಮೂರನೆಯದು ಪರೀಕ್ಷೆಗೆ ಅಷ್ಟಾಗಿ ಬೀಳದೆ ಕೆಲಸದಲ್ಲೇ ಬೆಳೆಯುವುದು. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ, ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಪಕ್ಕಾ ಬಂದರೆ ಸಂಬಳದ ಕೆಲಸ ಬೇಗ ಸಿಗುತ್ತದೆ. ಬಿ.ಕಾಂ ಆದವರು ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಳ್ಳುವ ಅವಕಾಶವೂ ಇದೆ. ಅಪಾಯ ಏನೆಂದರೆ ಐದನೆಯ ವರ್ಷವೂ ಮೊದಲನೆಯ ವರ್ಷದ ಕೆಲಸವನ್ನೇ ಮಾಡುತ್ತಿರಬಹುದು. ಜೊತೆಗೆ ತಾರೀಖುಗಳ ಒತ್ತಡ. 7ಕ್ಕೆ ಟಿಡಿಎಸ್ ಕಟ್ಟಬೇಕು. ತಿಂಗಳು ತಿಂಗಳು ರಿಟರ್ನ್ ಹಾಕುವವರದು 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ 3ಬಿ. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ಶುಲ್ಕ, ಕಟ್ಟದ ತೆರಿಗೆಗೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ. ಜಾತ್ರೆ ಇರಲಿ, ಮದುವೆ ಇರಲಿ, 20 ಅಂದರೆ 20.

ನಿಮ್ಮ ಜಾಗದಲ್ಲಿದ್ದರೆ ನಾನು ಈಗಲೇ ಆಯ್ಕೆ ಮಾಡುತ್ತಿರಲಿಲ್ಲ. ಬಿ.ಕಾಂ ಮುಗಿಯುವ ತನಕ ಈ ಅಂಗಡಿಯಲ್ಲೇ ಇದ್ದು, ರಿಸಲ್ಟ್ ಬಂದ ಮೇಲೆ ಸಿಎ ಇಂಟರ್ ಮೊದಲ ಗ್ರೂಪ್‌ಗೆ ಎರಡು ಪ್ರಯತ್ನ ಕೊಡುತ್ತಿದ್ದೆ. ಆಗದಿದ್ದರೆ ಓದಿದ್ದು ಸಿಎಂಎಗೂ ಕೆಲಸಕ್ಕೂ ಬರುತ್ತದೆ, ದಂಡವಾಗಲ್ಲ.

ಅದಕ್ಕೂ ಮೊದಲು ಎರಡು ಕೆಲಸ ಮಾಡಿ. ಆ ‘ಇತರೆ ಖರ್ಚು’ ಸಾಲನ್ನು ಒರೆಸಬೇಡಿ, ಬಿಳಿ ಬಣ್ಣ ಬಳಿಯಬೇಡಿ. ಇವತ್ತಿನ ತಾರೀಖಿನಲ್ಲಿ ಹೊಸ ಎಂಟ್ರಿ ಹಾಕಿ 2,700ನ್ನು ಇತರೆ ಖರ್ಚಿನಿಂದ ತೆಗೆದು ಆ ನೇಕಾರರ ಖಾತೆಗೆ ಖರ್ಚು ಬರೆಯಿರಿ. ಕೆಳಗೆ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ, ‘7,400 ಬದಲು 4,700 ಬರೆದದ್ದಕ್ಕೆ ತಿದ್ದುಪಡಿ’ ಅಂತ. ಮಾಲೀಕರಿಗೆ ತೋರಿಸಿ ಸಹಿ ಕೇಳಿ.

ಆಮೇಲೆ, ಈ ತಿಂಗಳ ಬ್ಯಾಂಕ್ ತಾಳೆ ನಾನೇ ಮಾಡುತ್ತೇನೆ ಅಂತ ಅವರನ್ನು ಕೇಳಿ. ಒಂದು ಕಡೆ ಪಾಸ್‌ಬುಕ್, ಒಂದು ಕಡೆ ನಿಮ್ಮ ಪುಸ್ತಕ. ಸೀಸದ ಕಡ್ಡಿಯಲ್ಲಿ ಒಂದೊಂದೇ ಟಿಕ್ ಹಾಕುತ್ತಾ ಬನ್ನಿ. ಟಿಕ್ ಬೀಳದೆ ಉಳಿದವನ್ನು ಬೇರೆ ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಯಾಕೆ ಉಳಿಯಿತು ಅಂತ ಬರೆಯಿರಿ. ಗೊತ್ತಿಲ್ಲದ ಕಡೆ ‘ಗೊತ್ತಿಲ್ಲ, ಕೇಳಬೇಕು’ ಅಂತಲೇ ಬರೆಯಿರಿ. ಆ ಹಾಳೆ ಸಿದ್ಧವಾದಾಗ ನನಗೆ ಕಳಿಸಿ, ನೋಡಿ ಉತ್ತರ ಬರೆಯುತ್ತೇನೆ.